ಕಥೆ ಒಪ್ಪಿಸುತ್ತಾರೆ, ವಿಮರ್ಶೆ ಬರೆಯುವುದಿಲ್ಲ

ಮೇಡಂ, ಮಕ್ಕಳು ‘ಸಂಸ್ಕಾರ’ ಕಾದಂಬರಿಯ ಕಥೆಯನ್ನೇ ಪುಟಗಟ್ಟಲೆ ಒಪ್ಪಿಸುವುದಕ್ಕೆ ಅರ್ಧ ಕಾರಣ ನಮ್ಮ ಪ್ರಶ್ನೆಯೇ. ‘ಕಾದಂಬರಿಯನ್ನು ವಿಮರ್ಶಿಸಿ’ ಎಂದರೆ ಗೈಡ್ ಹುಡುಕದೆ ಇನ್ನೇನು ಮಾಡಿಯಾರು? ಕಿರಿದಾಗಿ ಕೇಳಿ: ನಾರಣಪ್ಪನ ಶವಸಂಸ್ಕಾರಕ್ಕೆಂದು ಅವನೊಡನೆ ಬಾಳಿದ ಚಂದ್ರಿ ಒಡವೆ ಬಿಚ್ಚಿಟ್ಟ ಮೇಲೆ ಅಗ್ರಹಾರದವರ ಧರ್ಮದ ಮಾತು ಹೇಗೆ ಬದಲಾಗುತ್ತದೆ? ಉತ್ತರ ಮೊದಲು ಒಂದೇ ವಾಕ್ಯದಲ್ಲಿ ಬರಲಿ. ‘ಅವರು ಆಸೆಬುರುಕರು’ ಎಂದಷ್ಟೇ ಬರೆದರೆ ವಾಪಸ್ ಕೊಡಿ. ‘ಶವಸಂಸ್ಕಾರ ಬೇಡವೆನ್ನಲು ಹಿಡಿದ ಶಾಸ್ತ್ರವನ್ನೇ ಈಗ ಬೇಕೆನ್ನಲು ಹಿಡಿಯುತ್ತಾರೆ’ ಎಂದವರು ಸಾಕ್ಷಿಗಾಗಿ ಪುಸ್ತಕ ತೆರೆಯಲೇಬೇಕು.

ತಿದ್ದುವಾಗ ಕೆಂಪು ಪೆನ್ನು ಕಾಗುಣಿತದತ್ತ ಓಡದಿರಲಿ (ನಮ್ಮ ಕೈ ತಡೆಯುವುದಿಲ್ಲ, ಗೊತ್ತು). ಬರೀ ಕಥೆ ಹೇಳುವ ಸಾಲುಗಳಿಗೆ ಮಕ್ಕಳೇ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ಅದರಿಂದೇನು?’ ಎಂದು ಬರೆದುಕೊಳ್ಳಲಿ. ಉತ್ತರ ಹೊಳೆಯದ ಸಾಲನ್ನು ಹೊಡೆದುಹಾಕಲಿ. ಕಾಗುಣಿತ ಆಮೇಲೆ.