ಎಸ್.ಪಿ. ರೋಡಿಗೆ ಹೋಗಿ ಬಂದ ಮ್ಯಾಕ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು ಇಂಟೆಲ್‌ನ ಏಳನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ 11ಕ್ಕೆ ಬೇಕಾದದ್ದು ಎಂಟನೆಯದು ಅಥವಾ ಅದಕ್ಕಿಂತ ಹೊಸದು. ಒಂದೇ ಒಂದು ತಲೆಮಾರಿನಿಂದ ಹಿಂದೆ ಬಿದ್ದ ಯಂತ್ರ ಅದು. ಅದರ ಮುಚ್ಚಳದ ಕೀಲು ಸಡಿಲವಾಗಿತ್ತು, ಬ್ಯಾಟರಿ ಹೆಸರಿಗಷ್ಟೇ ಇತ್ತು, ಫ್ಯಾನು ಮಧ್ಯಾಹ್ನದ ಹೊತ್ತಿಗೆ ಗಿರಣಿಯಂತೆ ಶಬ್ದ ಮಾಡುತ್ತಿತ್ತು. ಹೇಗೂ ಹೊಸದು ಕೊಳ್ಳಲೇಬೇಕು, ಈ ಸಲ ಮ್ಯಾಕ್ ನೋಡೋಣ ಅನ್ನಿಸಿತು. ಎಂ4 ಚಿಪ್ಪಿನ ಮ್ಯಾಕ್‌ಬುಕ್ ಏರ್, 16 ಜಿಬಿ ರ‍್ಯಾಮ್, 256 ಜಿಬಿ ಸ್ಟೋರೇಜ್. 2025ರ ಮಾರ್ಚ್‌ನಲ್ಲಿ ಬಂದಾಗ ಭಾರತದಲ್ಲಿ ಅದರ ಬೆಲೆ 99,900 ರೂಪಾಯಿ. ಹಬ್ಬದ ರಿಯಾಯಿತಿ, ಕ್ರೆಡಿಟ್ ಕಾರ್ಡಿನ ಕ್ಯಾಶ್‌ಬ್ಯಾಕ್ ಎಲ್ಲ ಕಳೆದು ನನ್ನ ಕೈಯಿಂದ ಹೋದದ್ದು ಎಂಬತ್ತೈದು ಸಾವಿರದ ಆಸುಪಾಸು.

ನಾನು ಪುಸ್ತಕಗಳ ಕರಡು ತಿದ್ದುವವನು. ಪ್ರಕಾಶಕರಿಂದ ಹಸ್ತಪ್ರತಿ ಬರುತ್ತದೆ, ತಿದ್ದಿ ಲೇಖಕರಿಗೆ ತೋರಿಸಿ, ಚಾಮರಾಜಪೇಟೆಯ ಒಂದು ಮುದ್ರಣಾಲಯಕ್ಕೆ ಒಪ್ಪಿಸುತ್ತೇನೆ. ವಿಡಿಯೊ ಎಡಿಟಿಂಗ್ ಇಲ್ಲ, ಕೋಡ್ ಬರೆಯುವುದಿಲ್ಲ, ಗೇಮ್ ಅಂತೂ ಇಲ್ಲವೇ ಇಲ್ಲ. ಬರೀ ಅಕ್ಷರದ ಕೆಲಸ. ಅಕ್ಷರಕ್ಕೆ ಯಾವ ಕಂಪ್ಯೂಟರ್ ಆದರೇನು ಎಂದು ಅಂಗಡಿಯ ಹುಡುಗನೂ ಹೇಳಿದ. ಅವನು ಇಂಗ್ಲಿಷ್ ಅಕ್ಷರದ ಬಗ್ಗೆ ಮಾತಾಡುತ್ತಿದ್ದ ಅಂತ ಕಾಣುತ್ತದೆ.

ಮೊದಲ ವಾರಗಳ ಕಿರಿಕಿರಿಯೆಲ್ಲ ಕೈಯ ಅಭ್ಯಾಸಕ್ಕೆ ಸೇರಿದ್ದು. ಬಾಡಿಗೆ ಮನೆ ಬದಲಿಸಿದ ಮೇಲೆ ಕೆಲವು ದಿನ ರಾತ್ರಿ ಎದ್ದರೆ ಕೈ ಹಳೆ ಮನೆಯ ಸ್ವಿಚ್ ಇದ್ದ ಕಡೆಗೇ ಹೋಗುತ್ತದಲ್ಲ, ಹಾಗೆ. ಕಂಟ್ರೋಲ್ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕಮಾಂಡ್ ಮಾಡುತ್ತದೆ, ಕಿರುಬೆರಳಿನ ಚಾಕರಿ ಹೆಬ್ಬೆರಳಿಗೆ ಬಂತು. ಫೈಲಿನ ಮೇಲೆ ನಿಂತು ಎಂಟರ್ ಒತ್ತಿದರೆ ತೆರೆಯುವುದಿಲ್ಲ, ಹೆಸರು ಬದಲಿಸಲು ಸಿದ್ಧವಾಗುತ್ತದೆ. ಫೈಲನ್ನು ಕಟ್ ಮಾಡಿ ಇನ್ನೊಂದು ಕಡೆ ಪೇಸ್ಟ್ ಮಾಡುವ ಕ್ರಮ ಇಲ್ಲ. ಕಾಪಿ ಮಾಡಿ, ಪೇಸ್ಟ್ ಮಾಡುವಾಗ ಆಪ್ಷನ್ ಕೀಲಿಯನ್ನೂ ಸೇರಿಸಿ ಒತ್ತಿದರೆ ಹಳೆ ಜಾಗದಿಂದ ಎದ್ದುಬರುತ್ತದೆ. ಕೆಂಪು ಗುಂಡಿ ಒತ್ತಿದರೆ ಕಿಟಕಿ ಮುಚ್ಚುತ್ತದೆ, ಆದರೆ ವರ್ಡ್ ಒಳಗೊಳಗೇ ಓಡುತ್ತಿರುತ್ತದೆ. ಇವೆಲ್ಲ ತಾವಾಗಿ ಬೆರಳಿಗೆ ಬಂದವು. ಬೆಳಿಗ್ಗೆ ಚಾರ್ಜರ್ ಕಿತ್ತರೆ ರಾತ್ರಿ ಊಟದವರೆಗೂ ಬರುವ ಬ್ಯಾಟರಿ, ಒಳಗೆ ಫ್ಯಾನೇ ಇಲ್ಲದ್ದರಿಂದ ಸದ್ದೇ ಇಲ್ಲದ ಕೆಲಸ, ಇವುಗಳ ಮುಂದೆ ಅವು ದೊಡ್ಡ ವಿಷಯವೂ ಅಲ್ಲ.

ನಿಜವಾದ ತೊಡಕು ಶುರುವಾದದ್ದು ಬೇರೆಯವರ ಫೈಲುಗಳು ಬರತೊಡಗಿದಾಗ.

ಮ್ಯಾಕ್‌ನಲ್ಲಿ ಕನ್ನಡ ಇಲ್ಲವೆಂದಲ್ಲ. ಕನ್ನಡ ಎಂಎನ್, ಕನ್ನಡ ಸಂಗಮ್ ಎಂಎನ್ ಎಂಬ ಫಾಂಟ್‌ಗಳು ಜೊತೆಗೇ ಬರುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ ಇನ್‌ಸ್ಕ್ರಿಪ್ಟ್ ಮಾದರಿಯ ಕೀಲಿಮಣೆಯನ್ನೋ ಕ್ವರ್ಟಿ ಎಂಬ ಹೆಸರಿನದನ್ನೋ ಆಯ್ದುಕೊಂಡರೆ ಆಯಿತು. ನನ್ನ ಬೆರಳು ಪಳಗಿದ್ದು ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶದಲ್ಲಿ, ಅಂದರೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ, ಎಫ್ ಒತ್ತಿದರೆ ಒತ್ತಕ್ಷರ, ಶಿಫ್ಟ್ ಹಿಡಿದರೆ ಮಹಾಪ್ರಾಣ. ಆ ವಿನ್ಯಾಸದ ಫೈಲೊಂದನ್ನು ಗೆಳೆಯರೊಬ್ಬರು ಕಳಿಸಿದರು. ಲೈಬ್ರರಿಯೊಳಗಿನ ‘ಕೀಬೋರ್ಡ್ ಲೇಔಟ್ಸ್’ ಫೋಲ್ಡರಿಗೆ ಅದನ್ನು ಹಾಕಿ, ಲಾಗ್‌ಔಟ್ ಆಗಿ ಮತ್ತೆ ಬಂದರೆ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಹೊಸದಾಗಿ ಬರೆಯುವುದಕ್ಕೆ ಅಷ್ಟು ಸಾಕು.

ನನಗೆ ಬರುವ ಹಸ್ತಪ್ರತಿಗಳು ಮಾತ್ರ ಹೊಸ ಕಾಲದವಲ್ಲ. ಅರ್ಧಕ್ಕರ್ಧ ನುಡಿಯ ಆಸ್ಕಿ ಫಾಂಟ್‌ಗಳಲ್ಲಿರುತ್ತವೆ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರಿಂದಲೇ ಜಾಗವಿದೆ. ಆದರೆ ನಮ್ಮ ಡಿಟಿಪಿ ಕೇಂದ್ರಗಳಲ್ಲಿ ಬೇರೂರಿದ್ದು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಹಳೆಯ ವ್ಯವಸ್ಥೆ. ಫಾಂಟ್ ಇದ್ದರೆ ಕನ್ನಡ. ಇಲ್ಲದಿದ್ದರೆ ಪುಟದ ತುಂಬ ಟೋಪಿ, ಚುಕ್ಕೆ, ಕೊಂಬು ಹೊತ್ತ ರೋಮನ್ ಲಿಪಿ, ನಡುನಡುವೆ ಒಂದೊಂದು ಪೌಂಡ್ ಚಿಹ್ನೆ. ನುಡಿಯ ಫಾಂಟ್‌ಗಳನ್ನು ಮ್ಯಾಕ್‌ಗೂ ಹಾಕಿಕೊಳ್ಳಬಹುದು, ಹಾಕಿಕೊಂಡೆ, ಫೈಲು ಓದಲು ಬಂತು. ಆದರೆ ತಿದ್ದುವುದು ಹೇಗೆ? ಬೆರಳಿನ ಒತ್ತಿಗೆ ತಕ್ಕ ಆಕಾರ ಆರಿಸಿ ಕೂರಿಸುವ ನುಡಿ ತಂತ್ರಾಂಶ ನನ್ನ ಬಳಿ ಇದ್ದದ್ದು ವಿಂಡೋಸಿನದು. ತಪ್ಪು ಕಣ್ಣೆದುರಿಗಿದೆ, ಮುಟ್ಟಲಾಗದು. ಕರಡು ತಿದ್ದುವವನಿಗೆ ಇದಕ್ಕಿಂತ ಶಿಕ್ಷೆ ಬೇಕೆ?

ಯೂನಿಕೋಡ್‌ನಲ್ಲಿ ಬಂದ ಹಸ್ತಪ್ರತಿಗಳದ್ದು ಇನ್ನೊಂದು ಕತೆ. ಹಿರಿಯ ಲೇಖಕರೊಬ್ಬರು ತುಂಗಾ ಫಾಂಟ್‌ನಲ್ಲಿ ಕಾದಂಬರಿ ಟೈಪಿಸಿ ಕಳಿಸಿದ್ದರು. ತುಂಗಾ ವಿಂಡೋಸಿನ ಜೊತೆ ಬರುವ ಫಾಂಟು. ನನ್ನಲ್ಲಿ ಅದು ಇಲ್ಲದ್ದರಿಂದ ವರ್ಡ್ ಬೇರೊಂದನ್ನು ಹಾಕಿ ತೋರಿಸಿತು. ಅಕ್ಷರವೆಲ್ಲ ಸರಿ, ಆದರೆ ಸಾಲು ಮುರಿಯುವ ಜಾಗ ಬದಲಾಗಿ ಪುಟಗಳು ಜರುಗಿದವು. ಅವರು ಫೋನಿನಲ್ಲಿ “ನಲವತ್ತೆರಡನೇ ಪುಟ, ಮೂರನೇ ಪ್ಯಾರಾ ನೋಡ್ರಿ, ಅಲ್ಲಿ ‘ಅವಳು’ ಅಂತಿರೋದನ್ನ ‘ಆಕೆ’ ಮಾಡ್ರಿ” ಅನ್ನುತ್ತಾರೆ. ನನ್ನ ನಲವತ್ತೆರಡನೇ ಪುಟದಲ್ಲಿ ಅವಳೂ ಇಲ್ಲ, ಆಕೆಯೂ ಇಲ್ಲ, ಮಳೆ ಸುರಿಯುತ್ತಿದೆ. ಕೊನೆಗೆ ಇಬ್ಬರೂ ಪಿಡಿಎಫ್ ಇಟ್ಟುಕೊಂಡು ಮಾತಾಡುವುದೆಂದು ಒಪ್ಪಂದವಾಯಿತು. ಈಗ ಎಲ್ಲ ಲೇಖಕರೊಂದಿಗೂ ಅದೇ ಕ್ರಮ. ಮ್ಯಾಕ್ ಇರಲಿ ಬಿಡಲಿ, ಇದು ಮೊದಲೇ ಇರಬೇಕಾಗಿದ್ದ ಕ್ರಮ.

ಮುದ್ರಣಾಲಯದ ಪೆನ್‌ಡ್ರೈವ್ ಪ್ರಸಂಗ ಹೇಳಲೇಬೇಕು. ಅವರ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಆದದ್ದು; ಮ್ಯಾಕ್ ಅದನ್ನು ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ. ಎರಡೂ ಕಡೆ ನಡೆಯುವ ಎಕ್ಸ್‌ಫ್ಯಾಟ್‌ನಲ್ಲಿ ಪೆನ್‌ಡ್ರೈವೊಂದನ್ನು ಫಾರ್ಮ್ಯಾಟ್ ಮಾಡಿ, ಅದನ್ನು ಸಿಕ್ಕಿಸಲು ಒಂದು ಅಡಾಪ್ಟರ್ ಕೊಂಡು, ಅಧ್ಯಾಯಗಳನ್ನು ತುಂಬಿ ಕೊಟ್ಟುಬಂದೆ. ಸಂಜೆ ಡಿಟಿಪಿ ಆಪರೇಟರ್ ಫೋನ್ ಮಾಡಿದ.

“ಸಾರ್, ನಿಮ್ಮ ಪೆನ್‌ಡ್ರೈವಲ್ಲಿ ವೈರಸ್ಸು.”

“ಏನಪ್ಪಾ ಆಯ್ತು?”

“ಒಂದೊಂದು ಅಧ್ಯಾಯನೂ ಎರಡೆರಡು ಇದಾವೆ. ಒಂದು ಸರಿಯಾಗಿದೆ. ಇನ್ನೊಂದರ ಹೆಸರಿನ ಮುಂದೆ ಚುಕ್ಕೆ, ಅಡಿಗೆರೆ. ನಾಲ್ಕೇ ಕೆಬಿ. ಓಪನ್ನೇ ಆಗಲ್ಲ. ನಾನಂತೂ ಮುಟ್ಟಲ್ಲ ಸಾರ್, ಹೋದ ಸಲ ಇಡೀ ಆಫೀಸಿನ ಸಿಸ್ಟಂ ಕೆಟ್ಟಿತ್ತು.”

ಅದು ವೈರಸ್ಸಲ್ಲ. ಮ್ಯಾಕ್ ತನ್ನ ಲೆಕ್ಕಾಚಾರದ ಮಾಹಿತಿಯನ್ನು ಇಂಥ ಡ್ರೈವ್‌ಗಳಲ್ಲಿ ಪ್ರತಿ ಫೈಲಿಗೂ ಒಂದು ಜೊತೆಗಾರನಂತೆ ಬರೆದಿಡುತ್ತದೆ. ಹಳೆಯ ವೈರಸ್ ಕಾಟ ನೆನಪಿದ್ದ ಆಪರೇಟರ್ ಅಡಗಿದ ಫೈಲುಗಳೂ ಕಾಣುವಂತೆ ಇಟ್ಟುಕೊಂಡಿದ್ದ, ಅವನಿಗೆ ಎಲ್ಲವೂ ಕಂಡವು. ಈಗ ಪೆನ್‌ಡ್ರೈವ್ ಕೀಳುವ ಮುನ್ನ ಟರ್ಮಿನಲ್ ತೆರೆದು ‘ಡಾಟ್_ಕ್ಲೀನ್’ ಎಂಬ ಆಜ್ಞೆ ಕೊಡುತ್ತೇನೆ. ಆದರೂ ಅವನು ನನ್ನ ಪೆನ್‌ಡ್ರೈವನ್ನು ಎರಡು ಸಲ ಸ್ಕ್ಯಾನ್ ಮಾಡದೆ ತೆರೆಯುವುದಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ.

ಆ ಮುದ್ರಣಾಲಯದಲ್ಲಿ ಪುಟ ಕಟ್ಟುವುದು ಇಂದಿಗೂ ಪೇಜ್‌ಮೇಕರ್ 7ರಲ್ಲಿ. 2001ರದ್ದು, ಅದೇ ಕೊನೆಯ ಆವೃತ್ತಿ. ಯೂನಿಕೋಡ್ ಕನ್ನಡ ಅದಕ್ಕೆ ತಿಳಿಯದು. ತಮಾಷೆಯೆಂದರೆ ಪೇಜ್‌ಮೇಕರ್ ಹುಟ್ಟಿದ್ದೇ ಮ್ಯಾಕಿಂಟಾಷ್‌ನಲ್ಲಿ, 1985ರಲ್ಲಿ. ಮೇಜಿನ ಮೇಲೆ ಪುಸ್ತಕದ ಪುಟ ಕಟ್ಟಬಹುದೆಂದು ಜಗತ್ತಿಗೆ ತೋರಿಸಿದ್ದು ಆ ಜೋಡಿ. ಈಗ ಪೇಜ್‌ಮೇಕರ್ ಫೈಲು ನೋಡಬೇಕಾದರೆ ನಾನು ಮ್ಯಾಕ್ ಮುಚ್ಚಿಟ್ಟು ಹಳೆಯ ವಿಂಡೋಸ್ ಲ್ಯಾಪ್‌ಟಾಪ್ ತೆರೆಯಬೇಕು. ಇಂಟೆಲ್ ಚಿಪ್ಪಿದ್ದ ಕಾಲದ ಮ್ಯಾಕ್‌ಗಳಲ್ಲಿ ಬೂಟ್‌ಕ್ಯಾಂಪ್ ಮೂಲಕ ವಿಂಡೋಸನ್ನೇ ಹಾಕಿಕೊಳ್ಳಬಹುದಿತ್ತು. 2020ರ ಎಂ1ರಿಂದೀಚಿನ ಯಂತ್ರಗಳಿಗೆ ಆ ದಾರಿಯಿಲ್ಲ. ಪ್ಯಾರಲಲ್ಸ್‌ನಂಥ ತಂತ್ರಾಂಶ ಕೊಂಡು, ಅದರೊಳಗೆ ಎಆರ್‌ಎಂ ಮಾದರಿಯ ವಿಂಡೋಸ್ ಕೂರಿಸಿ, ಅದರೊಳಗೆ ಇಪ್ಪತ್ತೈದು ವರ್ಷ ಹಳೆಯ ಪೇಜ್‌ಮೇಕರ್ ಓಡಿಸುವ ಉತ್ಸಾಹ ನನಗಿರಲಿಲ್ಲ.

ಮಾರಿಬಿಡೋಣ ಅನ್ನಿಸಿದ್ದು ಆಗ. ಅರವತ್ತು ಸಾವಿರಕ್ಕೆ ಒಳ್ಳೆಯ ವಿಂಡೋಸ್ ಲ್ಯಾಪ್‌ಟಾಪ್ ಬರುತ್ತದೆ. ಮ್ಯಾಕ್ ಮಾರಿದ ದುಡ್ಡಿನಲ್ಲೇ ಅದನ್ನು ಕೊಂಡರೆ ಲೆಕ್ಕ ಸರಿಹೋಗುತ್ತದೆ ಎಂದು ಹೆಂಡತಿಗೆ ವಿವರಿಸಿದೆ. “ಮೊದಲು ಎಷ್ಟಕ್ಕೆ ತಗೋತಾರೆ ಕೇಳ್ಕೊಂಡು ಬನ್ನಿ” ಅಂದಳು.

ಟೌನ್‌ಹಾಲ್ ಹತ್ತಿರದ ಎಸ್.ಪಿ. ರೋಡಿನಲ್ಲಿ ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಬರವಿಲ್ಲ. ಒಂದು ಅಂಗಡಿಯಲ್ಲಿ ಕೂತೆ. ಮಾಲೀಕ ಬೇರೆ ಮಾತಾಡುವ ಮೊದಲೇ ಕೇಳಿದ್ದು ಎರಡು: “ಬಾಕ್ಸ್ ಇದೆಯಾ, ಬಿಲ್ ಇದೆಯಾ?” ಎರಡೂ ಇದ್ದವು. ಆಮೇಲೆ ಅವನು ನೋಡಿದ ರೀತಿ ನೋಡುವಂತಿತ್ತು. ಮುಚ್ಚಳ ತೆರೆದು, ಪರದೆಯನ್ನು ಪೂರ್ತಿ ಬಿಳಿ ಮಾಡಿ ಓರೆಯಿಂದ ಕಣ್ಣಾಡಿಸಿದ. ನಾಲ್ಕು ಮೂಲೆಗಳ ಮೇಲೂ ಬೆರಳು ಸವರಿ ಪೆಟ್ಟು ಬಿದ್ದ ಗುರುತು ಹುಡುಕಿದ. ಸೀರಿಯಲ್ ನಂಬರ್ ಹಾಕಿ ವಾರಂಟಿ ಎಲ್ಲಿಯವರೆಗಿದೆ ಪರೀಕ್ಷಿಸಿದ. ಸಿಸ್ಟಂ ರಿಪೋರ್ಟ್‌ಗೆ ಹೋಗಿ ಬ್ಯಾಟರಿಯ ಸೈಕಲ್ ಕೌಂಟ್ ನೋಡಿದ. ಈ ಮ್ಯಾಕ್‌ಗಳ ಬ್ಯಾಟರಿಗೆ 1000 ಸೈಕಲ್‌ನ ಲೆಕ್ಕ. ನನ್ನದು ಇನ್ನೂ ಎರಡಂಕಿಯಲ್ಲೇ ಇತ್ತು. ಅದನ್ನು ಕಂಡು ಮೊದಲ ಸಲ ತಲೆಯಾಡಿಸಿದ.

“ಸಾರ್, ನಿಮ್ಮದೇ ತಾನೆ? ಕಂಪನಿದಲ್ವಲ್ಲ?” ಅಂದ. ಬೆಂಗಳೂರಿನಲ್ಲಿ ಆ ಪ್ರಶ್ನೆಗೆ ಕಾರಣವಿದೆ. ಕಂಪನಿಗಳು ನೌಕರರಿಗೆ ಕೊಡುವ ಮ್ಯಾಕ್‌ಗಳು ಕಂಪನಿಯ ಹಿಡಿತದಲ್ಲೇ ಇರುತ್ತವೆ. ಪೂರ್ತಿ ಅಳಿಸಿ ಹೊಸದಾಗಿ ಶುರುಮಾಡಿದರೂ ‘ರಿಮೋಟ್ ಮ್ಯಾನೇಜ್‌ಮೆಂಟ್’ ಎಂಬ ಪರದೆ ಎದುರಾಗುತ್ತದೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಅಂಥದನ್ನು ಕೊಂಡವರು ಅಂಗಡಿಗೆ ಬಂದು ಜಗಳವಾಡುತ್ತಾರಂತೆ. ಸ್ವಂತದ್ದಾದರೂ ‘ಫೈಂಡ್ ಮೈ’ ಆರಿಸದೆ ಕೊಟ್ಟರೆ ಆಕ್ಟಿವೇಶನ್ ಲಾಕ್ ಉಳಿದು, ಮಾರಿದವರ ಪಾಸ್‌ವರ್ಡ್ ಇಲ್ಲದೆ ಯಂತ್ರ ಏಳುವುದಿಲ್ಲ. ಐಕ್ಲೌಡ್‌ನಿಂದ ಹೊರಬಂದು, ಸೆಟ್ಟಿಂಗ್ಸ್‌ನಲ್ಲಿರುವ ‘ಎರೇಸ್ ಆಲ್ ಕಂಟೆಂಟ್ ಆ್ಯಂಡ್ ಸೆಟ್ಟಿಂಗ್ಸ್’ ತನ್ನ ಕಣ್ಣೆದುರಿಗೇ ಮಾಡಬೇಕು, ಆಮೇಲೇ ದುಡ್ಡು ಎಂದ. ಸೆಕೆಂಡ್‌ಹ್ಯಾಂಡ್ ಮ್ಯಾಕ್ ಕೊಳ್ಳುವವರು ಈ ಅಂಗಡಿಯವನ ಹಟವನ್ನು ಹಾಗೇ ಎರವಲು ಪಡೆಯಬಹುದು.

ಅವನು ಹೇಳಿದ ಬೆಲೆ ಅರವತ್ತೆರಡು ಸಾವಿರ. ನಾನು ಎಪ್ಪತ್ತೈದು ಅಂದುಕೊಂಡಿದ್ದೆ. ಪಕ್ಕದ ಕಪಾಟಿನಲ್ಲಿದ್ದ ಎಂ2 ಏರ್ ತೋರಿಸಿದ. 8 ಜಿಬಿ ರ‍್ಯಾಮಿನದು, ಮೈಮೇಲೆ ಗೆರೆಯೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಆಪಲ್ ಅದೇ ಬೆಲೆಗೆ 16 ಜಿಬಿ ಕೊಡತೊಡಗಿದ ಮೇಲೆ 8 ಜಿಬಿಯವನ್ನು ಕೇಳುವವರು ಕಡಿಮೆಯಾದರು. ರ‍್ಯಾಮ್ ಚಿಪ್ಪಿನ ಜೊತೆಗೇ ಸೇರಿಹೋಗಿರುವುದರಿಂದ ಆಮೇಲೆ ಹೆಚ್ಚಿಸಿಕೊಳ್ಳಲೂ ಆಗದು. “ಮ್ಯಾಕ್ ರೇಟ್ ಬೀಳಲ್ಲ ಅಂತಾರೆ ಸಾರ್. ಹೊಸ ಮಾಡೆಲ್ ಬರೋವರೆಗೆ ಬೀಳಲ್ಲ, ಅಷ್ಟೆ.” ನನ್ನ ಹಳೆ ವಿಂಡೋಸ್ ಲ್ಯಾಪ್‌ಟಾಪಿಗೆ ಎಷ್ಟು ಕೊಡುತ್ತೀಯ ಎಂದೂ ಕೇಳಿದೆ. ಫೋನಿನಲ್ಲಿದ್ದ ಅದರ ಫೋಟೊ ನೋಡಿ ಮೂರು ಸಾವಿರ ಅಂದ, ಅದೂ ಪರದೆಯ ಸಲುವಾಗಿ.

ವಾಪಸು ಬರುವಾಗ ಮೆಟ್ರೋದಲ್ಲಿ ಕೂತು ಲೆಕ್ಕ ಹಾಕಿದೆ. ಮಾರಿದರೆ ಕೆಲವೇ ತಿಂಗಳಿಗೆ ಇಪ್ಪತ್ತು ಸಾವಿರದ ಮೇಲೆ ಬಾಡಿಗೆ ಕೊಟ್ಟಂತೆ. ಅದನ್ನು ನುಂಗಿಕೊಳ್ಳಬಹುದಿತ್ತು. ಆದರೆ ಹೊಸ ವಿಂಡೋಸ್ ಯಂತ್ರ ತಂದರೂ ಮೂರು ಸಾವಿರದ ಆ ಹಳೆಯದರೊಳಗೆ ಇಪ್ಪತ್ತು ವರ್ಷದ ಆಸ್ಕಿ ಫೈಲುಗಳು ಹಾಗೇ ಇರುತ್ತವೆ. ಅವುಗಳೊಳಗೆ ಒಂದು ಪದ ಹುಡುಕಲು ಆಗುವುದಿಲ್ಲ, ಫೋನಿನಲ್ಲಿ ತೆರೆಯಲು ಆಗುವುದಿಲ್ಲ, ಇ-ಪುಸ್ತಕ ಮಾಡೋಣವೆಂದರೆ ಅದೂ ಇಲ್ಲ. ಯಂತ್ರ ಯಾವುದೇ ಇರಲಿ, ಅವನ್ನೆಲ್ಲ ಯೂನಿಕೋಡ್‌ಗೆ ತರುವ ಕೆಲಸ ಆಗಲೇಬೇಕಿತ್ತು. ಮ್ಯಾಕ್ ಮಾಡಿದ ಉಪಕಾರವೆಂದರೆ, ಮುಂದೂಡುತ್ತ ಬಂದಿದ್ದ ಆ ಕೆಲಸವನ್ನು ಇನ್ನು ಮುಂದೂಡಲು ಬಿಡಲಿಲ್ಲ.

ಆಸ್ಕಿಯಿಂದ ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳಿವೆ, ಕೆಲವನ್ನು ಪುಣ್ಯಾತ್ಮರು ಮುಕ್ತವಾಗಿಯೇ ಬಿಟ್ಟಿದ್ದಾರೆ. ದಿನಕ್ಕೊಂದಿಷ್ಟು ಫೈಲಿನಂತೆ ತಿರುಗಿಸುತ್ತಿದ್ದೇನೆ. ಅರ್ಕಾವತ್ತನ್ನು ಮೊದಲು ನೋಡಬೇಕು. ಆಸ್ಕಿಯಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ‘ರ’ ಮೊದಲು ಬರಬೇಕು. ಪರಿವರ್ತಕ ಎಡವಿದರೆ ಸೂರ್ಯ ಹೋಗಿ ಇನ್ನೇನೋ ಹುಟ್ಟುತ್ತದೆ. ತಿರುಗಿಸಿದ ಮೇಲೆ ಸಿಕ್ಕ ಲಾಭ ದೊಡ್ಡದು. ಮ್ಯಾಕ್‌ನ ಹುಡುಕು ಸೌಲಭ್ಯವಾದ ಸ್ಪಾಟ್‌ಲೈಟ್‌ನಲ್ಲಿ ‘ತೇಗದ ಮರ’ ಎಂದು ಹುಡುಕಿದರೆ ಎಂದೋ ತಿದ್ದಿದ್ದ ಕತೆಯೊಂದು ಎದ್ದು ಬರುತ್ತದೆ.

ಯೂನಿಕೋಡ್‌ಗೆ ಬಾ ಎಂದು ಮುದ್ರಣಾಲಯದ ಆಪರೇಟರ್‌ಗೂ ಹೇಳಿದ್ದೇನೆ. ಮುಂದಿನ ಕವನ ಸಂಕಲನವನ್ನು ಇನ್‌ಡಿಸೈನ್‌ನಲ್ಲಿ ಮಾಡಿ ನೋಡುತ್ತಾನಂತೆ. ಅದರಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಂಡರೆ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆಂದು ತೋರಿಸಿಕೊಟ್ಟೆ. ಕಾದಂಬರಿ, ಪಠ್ಯಪುಸ್ತಕಗಳ ಮಾತು ಆಮೇಲೆ ಅಂದ.

ನನ್ನಲ್ಲಿ ಇನ್ನು ತಿರುಗಿಸಲು ಉಳಿದಿರುವುದು ಮುಖ್ಯವಾಗಿ ಒಂದು ಪಾರಿಭಾಷಿಕ ಪದಕೋಶದ ಫೈಲು. ಅದರ ಪ್ರತಿ ಸಾಲಿನಲ್ಲೂ ಇಂಗ್ಲಿಷ್, ಕನ್ನಡ ಬೆರೆತಿವೆ. ಹಾಗೇ ಪರಿವರ್ತಕಕ್ಕೆ ಕೊಟ್ಟರೆ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿ ಹೊರಬೀಳುತ್ತವೆ, ಮೊದಲು ಎರಡನ್ನೂ ಕೈಯಲ್ಲೇ ಬಿಡಿಸಿಕೊಳ್ಳಬೇಕು. ಬಿಡಿಸಲು ನುಡಿ ಇರುವ ಹಳೆಯ ಲ್ಯಾಪ್‌ಟಾಪ್ ಬೇಕು, ತಿರುಗಿಸಿದ್ದನ್ನು ನೋಡಲು ಮ್ಯಾಕ್. ಇಂಟರ್‌ನೆಟ್ ಕಿತ್ತುಹಾಕಿ ಹಳೆಯದನ್ನು ಅದಕ್ಕೆಂದೇ ಇಟ್ಟಿದ್ದೇನೆ. ಸದ್ಯ ‘ಚ’ಕಾರದಲ್ಲಿದ್ದೇನೆ.