ಚಾಳೀಸು ಮತ್ತು ಜಾಲಪುಟದ ಅಕ್ಷರ

ವಯಸ್ಸು ನಲವತ್ತು ದಾಟಿದಂತೆ ಕಣ್ಣಿನ ಮಸೂರವು ಪೆಡಸಾಗಿ, ಸಮೀಪದ ಸಣ್ಣ ಅಕ್ಷರಗಳು ಮಸುಕಾಗುತ್ತವೆ. ಇದೇ ಚಾಳೀಸು. ಇಂಥವರು ಬ್ರೌಸರಿನ ಸಾಮಾನ್ಯ ಅಕ್ಷರಗಾತ್ರವಾದ 16 ಪಿಕ್ಸೆಲನ್ನು 24ಕ್ಕೆ ಏರಿಸಿಕೊಳ್ಳಬಹುದು. ಆದರೆ ಜಾಲಪುಟ ರಚಿಸಿದವರು ಗಾತ್ರವನ್ನು ಪಿಕ್ಸೆಲಿನಲ್ಲಿಯೇ ನಿಗದಿಪಡಿಸಿದ್ದರೆ ಆ ಆಯ್ಕೆ ನಿಷ್ಫಲವಾಗುತ್ತದೆ. ‘ರೆಮ್’ ಎಂಬ ಸಾಪೇಕ್ಷ ಮಾನವನ್ನು ಬಳಸಿದರೆ ಅಕ್ಷರವು ಓದುಗರ ಆಯ್ಕೆಯನ್ನು ಅನುಸರಿಸಿ ಹಿಗ್ಗುತ್ತದೆ. ಅದು ಇಮ್ಮಡಿಯಾದಾಗಲೂ ಪುಟದ ಯಾವ ವಿಷಯವೂ ಮರೆಯಾಗಬಾರದೆಂಬುದು 2008ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಆಶಯ. ಕನ್ನಡಕ್ಕೆ ಇನ್ನೊಂದು ಎಚ್ಚರವೂ ಅಗತ್ಯ: ಸಾಲಿನ ಎತ್ತರವನ್ನು ಬಿಗಿದಿಟ್ಟರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ.

ಸಂಘದ ಪ್ರಕಟಣೆಗಳನ್ನು ಜಾಲಪುಟದಲ್ಲಿಯೇ ಓದುವ ಹಿರಿಯರು ನಮ್ಮಲ್ಲಿದ್ದಾರೆ. ಓದಲಾರದೆ ಅವರು ಕೈಬಿಟ್ಟರೆ, ಹೊರನಾಡಿನಲ್ಲಿ ಅವರ ಪಾಲಿಗೆ ಕನ್ನಡದ ಬಾಗಿಲೊಂದು ಮುಚ್ಚಿದಂತೆಯೇ ಸರಿ. ಪುಟ ಸಿದ್ಧಪಡಿಸುವ ತರುಣರು ಇದನ್ನು ಮನಗಾಣಲಿ.