ಹಳೆಯ ಮನೆ, ಹೊಸ ಯಂತ್ರ: ಕೊಟ್ಟಿಗೆಯಲ್ಲಿ ವಿದ್ಯುತ್ ಸುರಕ್ಷತೆ



ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಮಣ್ಣಿನ ಗೋಡೆ, ಮರದ ತೊಲೆ, ಹೆಂಚಿನ ಮಾಡಿನ ಮನೆಗಳು ಇಂದಿಗೂ ಇವೆ. ಮನೆಗೆ ತಾಗಿಕೊಂಡೇ ಕೊಟ್ಟಿಗೆ. ಈ ಮನೆಗಳಿಗೆ ಕರೆಂಟು ಬಂದ ಕಾಲದಲ್ಲಿ ನಾಲ್ಕೈದು ಬಲ್ಬು, ಒಂದು ರೇಡಿಯೋ ಇದ್ದರೆ ಅದೇ ಹೆಚ್ಚು. ಅಷ್ಟಕ್ಕೆ ಸಾಕಾಗುವಂತೆ ಮರದ ಪಟ್ಟಿಯ ಮೇಲೆ ವೈರು ಎಳೆಯಲಾಗಿತ್ತು. ಎಷ್ಟೋ ಕಡೆ ಅರ್ಥಿಂಗ್ ವೈರು ಇರಲೇ ಇಲ್ಲ. ಇಂದು ಅದೇ ವೈರಿನ ಮೇಲೆ ಗೀಸರ್, ಫ್ರಿಜ್, ಮಿಕ್ಸಿ, ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ ಎಲ್ಲವೂ ನಡೆಯಬೇಕಾಗಿದೆ.

ಪಶುವೈದ್ಯರಿಗೆ ಕರೆಂಟಿನ ಮಾತೇಕೆ ಎಂದು ನೀವು ಕೇಳಬಹುದು. ಮನೆಯ ವೈರಿಂಗ್ ಕೆಟ್ಟರೆ ಬಹಳ ಸಲ ಅದು ಮೊದಲು ಗೊತ್ತಾಗುವುದು ಹಸುವಿಗೆ. ನಂತರದ ಸರದಿ ಹಾಲು ಕರೆಯುವವರದು.

ಹಸುವಿಗೆ ಏಕೆ ಬೇಗ ತಾಗುತ್ತದೆ?

ಹಸುವಿನ ನಾಲ್ಕು ಕಾಲುಗಳೂ ಗಂಜಲ, ನೀರಿನಿಂದ ಒದ್ದೆಯಾದ ನೆಲದ ಮೇಲಿರುತ್ತವೆ. ಉಪ್ಪಿನಂಶವಿರುವ ಗಂಜಲದಲ್ಲಿ ಕರೆಂಟು ಸುಲಭವಾಗಿ ಹರಿಯುತ್ತದೆ. ಕೊರಳಲ್ಲಿ ಕಬ್ಬಿಣದ ಸರಪಳಿ, ಬಾಯಿ ಬಾನಿಯ ನೀರಿನಲ್ಲಿ. ಬಾಯಿಯಿಂದ ಗೊರಸಿನವರೆಗೆ ಹಸುವಿನ ದೇಹ ಒಡ್ಡುವ ತಡೆ ಸುಮಾರು 500 ಓಮ್ ಮಾತ್ರ. ಚಪ್ಪಲಿ ಹಾಕಿ ಒಣ ನೆಲದಲ್ಲಿ ನಿಂತ ಮನುಷ್ಯನಿಗೆ ಗೊತ್ತೇ ಆಗದ 2ರಿಂದ 4 ವೋಲ್ಟ್ ಕೂಡ ಹಸುವನ್ನು ಬೆದರಿಸಬಲ್ಲದು.

ಇಂತಹ ಸಣ್ಣ ಸೋರಿಕೆ ಇದ್ದಾಗ ಹಸು ಬಾನಿಯ ಬಳಿ ಬಂದು ಹಿಂಜರಿಯುತ್ತದೆ, ನೀರನ್ನು ಹೀರದೆ ನಾಲಿಗೆಯಿಂದ ನೆಕ್ಕುತ್ತದೆ, ಕರೆಯುವಾಗ ಒದೆಯುತ್ತದೆ, ಕೊಟ್ಟಿಗೆಗೆ ಬರಲು ಹೆದರುತ್ತದೆ. ಬೆದರಿದ ಹಸು ಸೊರೆ ಬಿಡುವುದಿಲ್ಲ. ಒಂದು ಲೀಟರ್ ಹಾಲಿಗೆ ಸುಮಾರು 3ರಿಂದ 4 ಲೀಟರ್ ನೀರು ಬೇಕು; ನೀರು ಕುಡಿಯದಿದ್ದರೆ ಹಾಲು ಇಳಿಯುವುದು ಖಚಿತ. ಕೆಚ್ಚಲು ಬಾವು, ಮೊಲೆ ಬಿರುಕುಗಳಲ್ಲೂ ಹಸು ಒದೆಯುವುದುಂಟು. ಆದುದರಿಂದ ಮೊದಲು ಪಶುವೈದ್ಯರಿಗೆ ತೋರಿಸಿ. ರೋಗ ಕಾಣದಿದ್ದರೆ, ಅಥವಾ ಎಲ್ಲ ಹಸುಗಳೂ ಒಮ್ಮೆಲೇ ಹೀಗೆ ಮಾಡಿದರೆ, ಕರೆಂಟಿನ ಮೇಲೆ ಸಂಶಯವಿರಲಿ. ಐದು ಹತ್ತು ವೋಲ್ಟಿಗೆ ಸಾಮಾನ್ಯ ಟೆಸ್ಟರ್ ಉರಿಯುವುದಿಲ್ಲ. ಎಲೆಕ್ಟ್ರಿಷಿಯನ್‌ರಿಂದ ಮಲ್ಟಿಮೀಟರ್ ಹಿಡಿಸಿ ಬಾನಿಯ ಪೈಪು ಹಾಗೂ ಒದ್ದೆ ನೆಲದ ನಡುವೆ ಅಳೆಯಿಸಿ. 1 ವೋಲ್ಟ್ ದಾಟಿದರೆ ಕಾರಣ ಹುಡುಕಿಸಿ.

ಹಳೆಯ ವೈರಿನ ಮೇಲೆ ಎಷ್ಟು ಹೊರೆ?

ಲೆಕ್ಕ ಸುಲಭ. ವ್ಯಾಟ್ ಅನ್ನು 230ರಿಂದ ಭಾಗಿಸಿದರೆ ಆಂಪಿಯರ್ ಅಂದಾಜು ಸಿಗುತ್ತದೆ. ಅಂದಿನ 60 ವ್ಯಾಟಿನ ಐದು ಬಲ್ಬುಗಳಿಗೆ 300 ವ್ಯಾಟ್, ಅಂದರೆ ಒಂದೂವರೆ ಆಂಪಿಯರ್‌ಗೂ ಕಡಿಮೆ. ಇಂದು ಬೆಳಗ್ಗೆ ಗೀಸರ್ 2000, ಎರಡು ಎಚ್.ಪಿ. ಮೇವಿನ ಯಂತ್ರ 1500, ಒಂದು ಎಚ್.ಪಿ. ಹಾಲು ಕರೆಯುವ ಯಂತ್ರ 750, ಮಿಕ್ಸಿ 500 ಒಟ್ಟಿಗೆ ನಡೆದರೆ 4750 ವ್ಯಾಟ್. 20 ಆಂಪಿಯರ್ ದಾಟುತ್ತದೆ. ಮೋಟಾರು ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು ಎಳೆಯುತ್ತದೆ. ಕರೆಂಟು ಎರಡು ಪಟ್ಟಾದರೆ ವೈರಿನ ಬಿಸಿ ನಾಲ್ಕು ಪಟ್ಟಾಗುತ್ತದೆ. ಅಟ್ಟದಲ್ಲಿ ಒಣಹುಲ್ಲು, ಇಲಿ ಕಡಿದ ವೈರು, ಮಳೆಗಾಲದ ತೇವ ಇವೂ ಸೇರಿದರೆ ಬೆಂಕಿಗೆ ಬೇರೆ ಕಾರಣ ಬೇಕಿಲ್ಲ.

ಫ್ಯೂಸು ಜೀವ ಉಳಿಸುವುದೇ?

ಬಹುಮಂದಿ ಸದಸ್ಯರು ಹೀಗೆ ನಂಬಿದ್ದಾರೆ. ಫ್ಯೂಸು ಅಥವಾ ಎಂ.ಸಿ.ಬಿ. ಕಾಯುವುದು ವೈರನ್ನು, ಮನುಷ್ಯನನ್ನಲ್ಲ. 10 ಆಂಪಿಯರ್ ದಾಟಿದ ಮೇಲೆ ಹಾರುವ ಫ್ಯೂಸಿಗೆ, ಜೀವ ತೆಗೆಯಲು ಸಾಕಾಗುವ ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಲೆಕ್ಕಕ್ಕೇ ಇಲ್ಲ. ಜೀವ ಕಾಯುವ ಸಾಧನ ಆರ್.ಸಿ.ಸಿ.ಬಿ. ಸಂಘದಲ್ಲಿ ಅಳೆದುಕೊಂಡ ಹಾಲನ್ನೂ ಕ್ಯಾನಿಗೆ ಹೋದ ಹಾಲನ್ನೂ ತಾಳೆ ನೋಡುವಂತೆ, ಅದು ಹೋದ ಕರೆಂಟನ್ನೂ ವಾಪಸು ಬಂದ ಕರೆಂಟನ್ನೂ ತಾಳೆ ನೋಡುತ್ತದೆ. ನಡುವೆ 30 ಮಿಲಿ ಆಂಪಿಯರ್ ಸೋರಿದರೆ ಕ್ಷಣಾರ್ಧದಲ್ಲಿ ಕಡಿತಗೊಳಿಸುತ್ತದೆ. ಅರ್ಥಿಂಗ್ ಸರಿಯಿದ್ದರೆ, ಯಂತ್ರದ ಮೈಗೆ ಕರೆಂಟು ಬಂದಾಗ ಯಾರೂ ಮುಟ್ಟುವ ಮೊದಲೇ ಅದು ಬೀಳುತ್ತದೆ. ಆದ್ದರಿಂದ ಎಂ.ಸಿ.ಬಿ., ಆರ್.ಸಿ.ಸಿ.ಬಿ., ಅರ್ಥಿಂಗ್ ಮೂರೂ ಇರಬೇಕು. ಒಂದಕ್ಕೆ ಇನ್ನೊಂದು ಬದಲಿಯಲ್ಲ.

ಸದಸ್ಯರು ಮಾಡಬೇಕಾದ್ದು

1. ಕೊಟ್ಟಿಗೆಗೆ ಮೇನ್ ಬೋರ್ಡಿನಿಂದ ಪ್ರತ್ಯೇಕ ಲೈನು ಎಳೆಸಿ. ತಾಮ್ರದ ವೈರು ದೀಪಕ್ಕೆ 1.5, ಪವರ್ ಪ್ಲಗ್ಗಿಗೆ 2.5, ಗೀಸರ್ ಹಾಗೂ ದೊಡ್ಡ ಮೋಟಾರಿಗೆ 4 ಚದರ ಮಿ.ಮೀ. ಇರಲಿ. ಹಳೆಯ ಅಲ್ಯೂಮಿನಿಯಂ ವೈರಿಗೆ ತಾಮ್ರದ ವೈರು ಹೊಸೆದು ಜೋಡಿಸಬೇಡಿ. ಆ ಗಂಟು ಸಡಿಲವಾಗಿ ಸುಡುತ್ತದೆ.

2. ಅರ್ಥಿಂಗ್‌ಗೆ ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪನ್ನು ಇದ್ದಿಲು, ಉಪ್ಪಿನೊಂದಿಗೆ ಹೂಳಿಸಿ. ಬೇಸಿಗೆಯಲ್ಲಿ ನೀರು ಹಾಕುತ್ತಿರಿ. ಮೋಟಾರಿನ ಮೈ, ನೀರಿನ ಕಬ್ಬಿಣದ ಪೈಪು, ದನ ಕಟ್ಟುವ ಕಂಬ ಎಲ್ಲವನ್ನೂ ಅದಕ್ಕೇ ಸೇರಿಸಿ.

3. ನ್ಯೂಟ್ರಲ್ ಹೋದಾಗ ನೀರಿನ ಪೈಪಿಗೋ ಅರ್ಥಿಂಗ್‌ಗೋ ವೈರು ಸುತ್ತಿ ಬಲ್ಬು ಉರಿಸುವ ಅಭ್ಯಾಸ ಬಿಡಿ. ಆ ಪೈಪು ಬಾನಿಯವರೆಗೆ ಹೋಗಿರುತ್ತದೆ.

4. ಫ್ಯೂಸಿಗೆ ದಪ್ಪ ತಂತಿ ಸುತ್ತಬೇಡಿ. ಆರ್.ಸಿ.ಸಿ.ಬಿ.ಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

5. ಸ್ವಿಚ್ ಬೋರ್ಡು ದನದ ಕೊಂಬು, ನಾಲಿಗೆಗೆ ಸಿಗದಂತೆ ಎತ್ತರದಲ್ಲಿ, ಸಾಧ್ಯವಾದರೆ ಕೊಟ್ಟಿಗೆಯ ಹೊರಗೆ ಇರಲಿ. ತಗಡಿನ ಮಾಡಿನ ಕೆಳಗೆ ವೈರು ಪಿ.ವಿ.ಸಿ. ಪೈಪಿನೊಳಗೇ ಹೋಗಲಿ. ಬಟ್ಟೆ ಒಣಗಿಸಲು ತಂತಿಯ ಬದಲು ನೈಲಾನ್ ಹಗ್ಗ ಕಟ್ಟಿ. ದೀಪಾವಳಿಯ ಗೋಪೂಜೆಗೆ ಹಾಕುವ ಸೀರಿಯಲ್ ಸೆಟ್ಟನ್ನು ದನಗಳಿಗೆ ತಾಗದಂತೆ ಕಟ್ಟಿ.

6. ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಪ್ಲಗ್ಗು ಕಿತ್ತು, ಮೇನ್ ಮಾತ್ರ ಇಟ್ಟು ಮೀಟರ್ ನೋಡಿ. ಕೆಂಪು ದೀಪ ಆಗಲೂ ಮಿನುಗುತ್ತಿದ್ದರೆ ಎಲ್ಲೋ ಸೋರಿಕೆಯಿದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಅನೇಕರಿಗೆ ಶೂನ್ಯ ಬಿಲ್ಲು ಬರುತ್ತಿದೆ. ಬಿಲ್ಲಿನಲ್ಲಿ ಹಣವನ್ನಷ್ಟೇ ನೋಡಿದರೆ ಸೋರಿಕೆ ತಿಳಿಯದು, ಯೂನಿಟ್ ನೋಡಿ.

ಈ ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಹೊರೆ ಹೆಚ್ಚಿದ್ದರೆ ಮೆಸ್ಕಾಂ ಕಚೇರಿಯಲ್ಲಿ ಮಂಜೂರಾತಿ ಪಡೆಯಿರಿ.

ಅವಘಡವಾದಾಗ

ಕೊಟ್ಟಿಗೆಯಲ್ಲಿ ಹಸು ಒಮ್ಮೆಲೇ ಬಿದ್ದರೆ ಹಾವು ಕಚ್ಚಿತೆಂದು ಓಡಿಹೋಗಿ ಮುಟ್ಟಬೇಡಿ. ಒಂದು ಹಸುವಿನ ಜೊತೆ ಒಬ್ಬರ ಪ್ರಾಣವೂ ಹೋಗುವುದು ಹೀಗೆ. ಮೊದಲು ಮೇನ್ ಆರಿಸಿ. ಅದು ಕೈಗೆ ಸಿಗದಿದ್ದರೆ, ಒಣ ಜಾಗದಲ್ಲಿ ನಿಂತು ಒಣ ಮರದ ಕೋಲಿನಿಂದ ಮನೆಯ ವೈರನ್ನು ಸರಿಸಿ. ಬೀದಿಯ ಲೈನು ಹರಿದು ಬಿದ್ದಿದ್ದರೆ ಕೋಲೂ ಬೇಡ. ದೂರವೇ ನಿಂತು ಬೇರೆಯವರನ್ನೂ ದನಗಳನ್ನೂ ತಡೆದು 1912ಕ್ಕೆ ಕರೆ ಮಾಡಿ.

ಹಸು ಸತ್ತಿದ್ದರೆ ಹೂಳುವ ಮೊದಲು ಪಶುವೈದ್ಯರಿಗೆ, ಸಂಘದ ಕಾರ್ಯದರ್ಶಿಯವರಿಗೆ, ಮೆಸ್ಕಾಂಗೆ ತಿಳಿಸಿ. ವಿಮೆಯಿದ್ದರೆ ಕಿವಿಯೋಲೆ ತೆಗೆಯಬೇಡಿ. ಸರಬರಾಜು ಲೈನಿನಿಂದ ಮನುಷ್ಯರಷ್ಟೇ ಅಲ್ಲ, ಜಾನುವಾರು ಸತ್ತರೂ 2003ರ ವಿದ್ಯುತ್ ಕಾಯ್ದೆಯ 161ನೇ ಕಲಮಿನಂತೆ ವಿದ್ಯುತ್ ಪರಿವೀಕ್ಷಕರಿಗೆ ವರದಿಯಾಗಬೇಕು. ಪರಿಹಾರ ಕೇಳಲು ಈ ದಾಖಲೆಗಳೇ ಆಧಾರ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ. ಎಲ್ಲವನ್ನೂ ಒಮ್ಮೆಗೇ ಮಾಡಿಸಲು ಕೈಯಲ್ಲಿ ಹಣವಿಲ್ಲದಿದ್ದರೆ, ಈ ಮುಂಗಾರಿಗೆ ಮೊದಲು ಕೊಟ್ಟಿಗೆಯ ಅರ್ಥಿಂಗ್ ಮತ್ತು ಒಂದು ಆರ್.ಸಿ.ಸಿ.ಬಿ. ಇವೆರಡನ್ನಾದರೂ ಮಾಡಿಸಿ. ಮಿಕ್ಕಿದ್ದನ್ನು ಅಡಿಕೆಯ ಹಣವೋ ಹಾಲಿನ ಬಟವಾಡೆಯೋ ಬಂದಂತೆ ಒಂದೊಂದಾಗಿ ಪೂರೈಸಿಕೊಳ್ಳಬಹುದು.